ಮೂರು ಕ್ಯಾಮೆರಾ, ಒಂದು ಕಿನ್ನಾಳ ಗೊಂಬೆ: ಎನ್‌ಕೋಡಿಂಗ್ ಮುಗಿಯದಿದ್ದಾಗ ಎಲ್ಲಿ ಹುಡುಕಬೇಕು

“ಸರ, ಕಿರೀಟದಾಗಿನ ಬಂಗಾರ ಯಾಕ್ರೀ ಹಿಂಗ ಕುಣಿಯಾಕತ್ತೈತಿ? ನಾ ಹಚ್ಚಿದ್ದು ಹಂಗಿಲ್ಲಲ್ಲ.”

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಾಕುವ ಹಿರಿಯರೊಬ್ಬರು ನನ್ನ ಲ್ಯಾಪ್‌ಟಾಪಿನ ಪರದೆ ನೋಡಿ ಕೇಳಿದ ಪ್ರಶ್ನೆ ಇದು. ಎನ್‌ಕೋಡರ್, ಅಂದರೆ ವಿಡಿಯೊವನ್ನು ಕುಗ್ಗಿಸಿ ಕಡತ ಮಾಡುವ ಸಾಫ್ಟ್‌ವೇರ್, ಅವರಿಗೆ ಗೊತ್ತಿಲ್ಲ. ಆದರೆ ದೋಷ ಎಲ್ಲಿದೆ ಅಂತ ನನಗಿಂತ ಮೊದಲು ಅವರಿಗೆ ಕಂಡಿತು. ನನ್ನ ಕೈಯಲ್ಲಿದ್ದ ಪಿಎಸ್‌ಎನ್‌ಆರ್ ಪಟ್ಟಿ (ಕುಗ್ಗಿಸಿದ ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಅನ್ನುವ ಅಂಕಿ) ಮಾತ್ರ ‘ಎಲ್ಲಾ ಸರಿ ಇದೆ’ ಅನ್ನುತ್ತಿತ್ತು.

ನಡೆದದ್ದು ಇಷ್ಟು. ಒಂದೇ ಮಾದರಿಯ ಮೂರು ಕ್ಯಾಮೆರಾಗಳನ್ನು ಮರದ ಹಲಗೆ ಮೇಲೆ 10 ಸೆಂಟಿಮೀಟರ್‌ಗೊಂದರಂತೆ ಕೂರಿಸಿದ್ದೆ. ಗೊಂಬೆ ಮತ್ತು ಅವರ ಕೈ 1 ಮೀಟರ್ ದೂರದಲ್ಲಿ, ಹಿಂದಿನ ಗೋಡೆ ಎರಡೂವರೆ ಮೀಟರ್ ದೂರದಲ್ಲಿ. ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್. ಮೂರೂ ನೋಟಗಳನ್ನು ಎಂವಿ-ಎಚ್‌ಇವಿಸಿ (ಹಲವು ಕ್ಯಾಮೆರಾಗಳ ನೋಟಗಳನ್ನು ಒಟ್ಟಿಗೆ ಕುಗ್ಗಿಸುವ) ಪದ್ಧತಿಯಲ್ಲಿ ಒಂದೇ ಕಡತಕ್ಕೆ ಇಳಿಸಬೇಕಿತ್ತು. ಬಳಸಿದ್ದು ಎಚ್‌ಟಿಎಂ ಅನ್ನುವ ಆಕರ ಸಾಫ್ಟ್‌ವೇರ್. ಅದು ಸಂಶೋಧನೆಗೆಂದು ಬರೆದದ್ದು, ವೇಗಕ್ಕೆಂದು ಅಲ್ಲ. 10 ಸೆಕೆಂಡಿನ ತುಣುಕು ಅಂದರೆ 250 ಫ್ರೇಮ್, ಮೂರು ವ್ಯೂಗೆ (ಒಂದೊಂದು ಕ್ಯಾಮೆರಾದ ನೋಟ ಒಂದೊಂದು ವ್ಯೂ) 750 ಚಿತ್ರ. ನನ್ನ ಲ್ಯಾಪ್‌ಟಾಪ್ ಒಂದು ಚಿತ್ರಕ್ಕೆ ಹೆಚ್ಚುಕಮ್ಮಿ ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ಹನ್ನೆರಡೂವರೆ ಗಂಟೆ!

ತಾಳ್ಮೆ ಕೆಟ್ಟು ಸಿಕ್ಕಸಿಕ್ಕ ಕಡೆ ಕತ್ತರಿ ಹಾಕಿದೆ. ಸರ್ಚ್ ರೇಂಜ್, ಅಂದರೆ ಹೋಲುವ ತುಂಡನ್ನು ಎಷ್ಟು ಪಿಕ್ಸೆಲ್ ದೂರದ ತನಕ ಹುಡುಕಬೇಕು ಅನ್ನುವ ಮಿತಿ, 96 ಇದ್ದದ್ದನ್ನು 64 ಮಾಡಿದೆ. ಬೇಗ ಸ್ಕಿಪ್ ಮಾಡುವ (ಹೋಲಿಕೆ ಸಾಕು ಅನ್ನಿಸಿದರೆ ಮುಂದೆ ಹುಡುಕದ) ಆಯ್ಕೆಗಳನ್ನೆಲ್ಲ ಆನ್ ಮಾಡಿದೆ. ಸಮಯ ಇಳಿಯಿತು, ನಿಜ. ಜೊತೆಗೆ ಮೂರು ತೊಂದರೆ ಬಂದವು: ಬೆರಳುಗಳ ಅಂಚಿನಲ್ಲಿ ಚೌಕಚೌಕ ಕಲೆ, ಪಕ್ಕದ ವ್ಯೂಗಳಿಗೆ ಮೊದಲಿಗಿಂತ ಜಾಸ್ತಿ ಬಿಟ್, ಆಮೇಲೆ ಕುಣಿಯುವ ಬಂಗಾರ. ಎಲ್ಲದರ ಬೇರೂ ಒಂದೇ ಕಡೆ ಇರಲಿಲ್ಲ. ಅರ್ಧ ಬೇರುಗಳು ಎನ್‌ಕೋಡರಿನಲ್ಲೇ ಇರಲಿಲ್ಲ.

ಮೊದಲು ಬಿಸಿಲನ್ನು ನೋಡಿ

ತಮಾಷೆಯಲ್ಲ. ಏಪ್ರಿಲ್-ಮೇನಲ್ಲಿ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ಯಾನ್ ಬೀಸುವುದೂ ಬಿಸಿ ಗಾಳಿಯನ್ನೇ. ಅಂಥ ಹೊತ್ತಲ್ಲಿ ಲ್ಯಾಪ್‌ಟಾಪಿನ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ನಾವು ‘ಎನ್‌ಕೋಡಿಂಗ್ ಭಾರ ಜಾಸ್ತಿ’ ಅಂದುಕೊಂಡು ಸೆಟ್ಟಿಂಗ್ ಬದಲಿಸುತ್ತಾ ಕೂರುತ್ತೇವೆ.

ಪರೀಕ್ಷೆ ಸುಲಭ. ಅದೇ 50 ಫ್ರೇಮನ್ನು, ಅದೇ ಸೆಟ್ಟಿಂಗಿನಲ್ಲಿ, ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಓಡಿಸಿ. ಬಂದ ಕಡತಗಳು ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಒಂದೇ ಇರುತ್ತವೆ, ಯಾಕೆಂದರೆ ಲೆಕ್ಕ ಒಂದೇ. ಸಮಯ ಮಾತ್ರ ಬೇರೆಯಾದರೆ ದೋಷ ಯಂತ್ರದ್ದು. ಈ ಪರೀಕ್ಷೆ ಮಾಡದೆ ‘ಈ ಸೆಟ್ಟಿಂಗಿನಿಂದ ಇಷ್ಟು ವೇಗ ಬಂತು’ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ನಾನೇ ಎರಡು ದಿನ ಹಾಗೆ ಮೋಸ ಹೋಗಿದ್ದೇನೆ. ಬೆಳಿಗ್ಗೆ ಓಡಿಸಿದ ಸೆಟ್ಟಿಂಗ್ ಎಲ್ಲಾ ಒಳ್ಳೆಯದು, ಮಧ್ಯಾಹ್ನದ್ದೆಲ್ಲ ಕೆಟ್ಟದ್ದು!

ಪಕ್ಕದ ವ್ಯೂ ನಿಜವಾಗಿ ಉಪಯೋಗಕ್ಕೆ ಬರುತ್ತಿದೆಯಾ?

ಯಂತ್ರ ಸರಿ ಇದೆ ಅಂತಾದ ಮೇಲೆ ಎರಡನೇ ಪರೀಕ್ಷೆ. ಮೂರು ವ್ಯೂಗಳನ್ನು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆಬೇರೆ ಎನ್‌ಕೋಡ್ ಮಾಡಿ, ಪ್ರತಿಯೊಂದರ ಬಿಟ್ ಲೆಕ್ಕ ಬರೆದಿಡಿ. ಆಮೇಲೆ ಅಂತರ-ವ್ಯೂ ಪ್ರಿಡಿಕ್ಷನ್ (ಒಂದು ಕ್ಯಾಮೆರಾದ ಚಿತ್ರ ನೋಡಿ ಇನ್ನೊಂದರದ್ದನ್ನು ಊಹಿಸುವುದು) ಆನ್ ಮಾಡಿ, ಅದೇ ಕ್ಯೂಪಿಯಲ್ಲಿ (ಎಷ್ಟು ಕುಗ್ಗಿಸಬೇಕು ಅನ್ನುವ ಅಂಕಿ) ಮತ್ತೆ ಓಡಿಸಿ. ಪಕ್ಕದ ವ್ಯೂಗಳ ಬಿಟ್ ಚೆನ್ನಾಗಿ ಇಳಿಯಬೇಕು. ಇಳಿಯಲಿಲ್ಲ ಅಂದರೆ ನೀವು ಇಷ್ಟು ಹೊತ್ತು ಕೊಟ್ಟ ಪ್ರೊಸೆಸರ್ ಸಮಯವೆಲ್ಲ ಸಿಗದ ವಸ್ತುವನ್ನು ಹುಡುಕಲು ಹೋಗಿದೆ ಅಂತ ಅರ್ಥ.

ಇಲ್ಲಿ ಒಂದು ವಿಷಯ ತಲೆಯಲ್ಲಿರಲಿ. 2014ರಲ್ಲಿ ಬಂದ ಎಂವಿ-ಎಚ್‌ಇವಿಸಿಯಲ್ಲಿ ಬ್ಲಾಕ್ (ಚಿತ್ರವನ್ನು ಒಡೆದ ಚೌಕದ ತುಂಡು) ಮಟ್ಟದಲ್ಲಿ ಹೊಸ ಸಾಧನ ಏನೂ ಇಲ್ಲ. ಪಕ್ಕದ ವ್ಯೂನ ಚಿತ್ರವನ್ನು ಆಕರ ಚಿತ್ರಗಳ (ಊಹಿಸಲು ನೋಡುವ ಚಿತ್ರಗಳ) ಪಟ್ಟಿಗೆ ಇನ್ನೊಂದಾಗಿ ಸೇರಿಸುತ್ತದೆ, ಅಷ್ಟೇ. ಮೋಷನ್, ಅಂದರೆ ಫ್ರೇಮಿನಿಂದ ಫ್ರೇಮಿಗೆ ಆಗುವ ಚಲನೆ ಹುಡುಕುವ ಯಂತ್ರವೇ ಡಿಸ್ಪ್ಯಾರಿಟಿಯನ್ನೂ ಹುಡುಕುತ್ತದೆ. ಡಿಸ್ಪ್ಯಾರಿಟಿ ಅಂದರೆ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬಂದಾಗ ವಸ್ತು ಎಷ್ಟು ಪಿಕ್ಸೆಲ್ ಪಕ್ಕಕ್ಕೆ ಸರಿದು ಕಾಣುತ್ತದೆ ಅನ್ನುವ ಲೆಕ್ಕ. ಅದನ್ನು ಎನ್‌ಕೋಡರ್ ಊಹಿಸಬೇಕಾಗಿಲ್ಲ. ನಾವೇ ಕಾಗದದ ಮೇಲೆ ಹಾಕಬಹುದು: ಪಿಕ್ಸೆಲಿನಲ್ಲಿ ಅಳೆದ ಫೋಕಲ್ ದೂರ ಗುಣಿಸು ಕ್ಯಾಮೆರಾಗಳ ನಡುವಿನ ಅಂತರ, ಭಾಗಿಸು ವಸ್ತುವಿನ ದೂರ.

ನನ್ನ ಲೆನ್ಸಿಗೆ ಫೋಕಲ್ ದೂರ ಸುಮಾರು 1400 ಪಿಕ್ಸೆಲ್. ಅಂತರ 0.1 ಮೀಟರ್. ಗೋಡೆಗೆ 1400 × 0.1 ÷ 2.5, ಅಂದರೆ 56 ಪಿಕ್ಸೆಲ್. ಕೈಗೆ 1400 × 0.1 ÷ 1, ಅಂದರೆ 140 ಪಿಕ್ಸೆಲ್.

ಈಗ ಬೆರಳಿನ ಅಂಚಿನ ಕಥೆ ಬಿಚ್ಚಿಕೊಳ್ಳುತ್ತದೆ. ಎನ್‌ಕೋಡರ್ ಸೊನ್ನೆಯಿಂದ ಹುಡುಕಲು ಶುರು ಮಾಡಿದರೆ ಗೋಡೆ 56ರಲ್ಲಿ ಸಿಗುತ್ತದೆ. ಆಮೇಲಿನ ಬ್ಲಾಕುಗಳು ಅಕ್ಕಪಕ್ಕದವರ ವೆಕ್ಟರ್ (ಎಷ್ಟು ಸರಿದಿದೆ ಅನ್ನುವ ಅಂಕಿ) ನೋಡಿ, ಅಲ್ಲಿಂದ ಹುಡುಕುತ್ತಾ ಹೋಗುತ್ತವೆ. ಗೋಡೆ ಮುಗಿದು ಬೆರಳು ಶುರುವಾಗುವ ಕಡೆ ಒಮ್ಮೆಲೇ 56ರಿಂದ 140ಕ್ಕೆ ಹಾರಬೇಕು. ಅದು 84 ಪಿಕ್ಸೆಲಿನ ಜಿಗಿತ. ಸರ್ಚ್ ರೇಂಜ್ 96 ಇದ್ದಾಗ ಅದು ಕೈಗೆ ಎಟುಕುತ್ತಿತ್ತು. 64 ಮಾಡಿದೆ, ಎಟುಕಲಿಲ್ಲ. ಬೆರಳಿನ ಅಂಚಿನ ಬ್ಲಾಕುಗಳಿಗೆ ಪಕ್ಕದ ವ್ಯೂನಲ್ಲಿ ತಮ್ಮ ಜೋಡಿ ಸಿಗದೆ ಬಿಟ್ ಸುರಿದವು, ಸಾಲದೇ ಇದ್ದಲ್ಲಿ ಕಲೆ ಉಳಿಯಿತು. ಎರಡು ತೊಂದರೆಗೂ ಒಂದೇ ಬೇರು.

ಇನ್ನೊಂದು ಮಾತು. ಮೂರರಲ್ಲಿ ನಡುವಿನ ಕ್ಯಾಮೆರಾವನ್ನೇ ಮೂಲ ವ್ಯೂ (ಬೇರೆ ವ್ಯೂ ನೋಡದೆ ಎನ್‌ಕೋಡ್ ಆಗುವುದು) ಮಾಡಿ. ಎಡಗಡೆಯದ್ದನ್ನು ಮೂಲ ಮಾಡಿ ಬಲಗಡೆಯದ್ದನ್ನು ನೇರವಾಗಿ ಅದರಿಂದ ಊಹಿಸಲು ಹೇಳಿದರೆ ಅಂತರ ಇಪ್ಪತ್ತು ಸೆಂಟಿಮೀಟರ್ ಆಗುತ್ತದೆ, ಕೈಯ ಡಿಸ್ಪ್ಯಾರಿಟಿ 280. ಕಡತದ ಹೆಸರುಗಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ಇಟ್ಟವರು ಸುಮ್ನೆ ಒಂದನ್ನೇ ಮೂಲ ಮಾಡಿಬಿಡುತ್ತಾರೆ.

ಹಾಗಾದರೆ ಹುಡುಕಾಟ ಕಡಿಮೆ ಮಾಡುವುದು ಎಲ್ಲಿ?

ಅಡ್ಡಕ್ಕೆ ಅಲ್ಲ, ಉದ್ದಕ್ಕೆ. ಕ್ಯಾಮೆರಾಗಳು ಒಂದೇ ಮಟ್ಟದಲ್ಲಿ ಸಾಲಾಗಿದ್ದರೆ ವಸ್ತು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಮೇಲೆ ಕೆಳಗೆ ಹೋಗುವುದಿಲ್ಲ. ಎಲ್ಲ ಬಿಂದುಗಳನ್ನೂ ನೋಡುವ ಪೂರ್ಣ ಹುಡುಕಾಟದಲ್ಲಿ ಎರಡೂ ದಿಕ್ಕಿಗೆ 96 ಕೊಟ್ಟರೆ 193 × 193, ಅಂದರೆ 37,249 ಬಿಂದು. ಮೇಲೆ ಕೆಳಗೆ ಬರೀ 8 ಕೊಟ್ಟರೆ 193 × 17, ಅಂದರೆ 3,281. ಹನ್ನೊಂದರಲ್ಲಿ ಒಂದು ಪಾಲೂ ಇಲ್ಲ! ವೇಗದ ಹುಡುಕಾಟ ಆನ್ ಇದ್ದರೆ ಅದು ಎಲ್ಲಾ ಬಿಂದು ನೋಡುವುದೇ ಇಲ್ಲ, ಹಾಗಾಗಿ ಲಾಭ ಇಷ್ಟು ದೊಡ್ಡದಿರುವುದಿಲ್ಲ. ಆದರೂ ಲಾಭವೇ. ಅಂತರ-ವ್ಯೂ ಹುಡುಕಾಟದ ಲಂಬ ಮಿತಿಗೆಂದೇ ಎಚ್‌ಟಿಎಂನಲ್ಲಿ ಬೇರೆ ಸೆಟ್ಟಿಂಗ್ ಇದೆ. ಮೋಷನ್ ಹುಡುಕಾಟವನ್ನು ಮುಟ್ಟದೆ ಇದೊಂದನ್ನೇ ಇಳಿಸಬಹುದು.

ನಾನು ಇಳಿಸಿದೆ. ಬಿಟ್ ಮತ್ತೆ ಏರಿತು. ಯಾಕೆ?

ಗೋಡೆಯಲ್ಲಿ ಒಂದು ಮೊಳೆ ಇತ್ತು. ನಡುವಿನ ಕ್ಯಾಮೆರಾದಲ್ಲಿ ಮೊಳೆಯ ತಲೆ 412ನೇ ಸಾಲಿನಲ್ಲಿ, ಬಲಗಡೆಯದರಲ್ಲಿ 423ರಲ್ಲಿ. ಹನ್ನೊಂದು ಸಾಲು ಕೆಳಗೆ. ನನ್ನ ಮಿತಿ 8. ಕಣ್ಣಿಗೆ ಹಲಗೆ ಸಮವಾಗಿಯೇ ಕಾಣುತ್ತಿತ್ತು. ಬಗ್ಗಿ ನೋಡಿದರೆ ಬಲಗಡೆ ಕ್ಯಾಮೆರಾದ ಅಡಿಯ ಸ್ಕ್ರೂ ಅರ್ಧ ಸುತ್ತು ಸಡಿಲ. ಅದನ್ನು ಬಿಗಿ ಮಾಡಿ, ಚದುರಂಗದ ಮಣೆಯ ಚಿತ್ರ ಹಿಡಿದು ಓಪನ್‌ಸಿವಿ ಅನ್ನುವ ಸಾಫ್ಟ್‌ವೇರಿನಲ್ಲಿ ಕ್ಯಾಲಿಬ್ರೇಟ್ ಮಾಡಿ, ಚಿತ್ರಗಳನ್ನು ಸಾಲಿಗೆ ಸಾಲು ಹೊಂದಿಸಿದ ಮೇಲೆ ವ್ಯತ್ಯಾಸ ಒಂದು ಸಾಲಿಗೂ ಒಳಗೆ ಬಂತು. ಈಗ 8 ಕೂಡ ಜಾಸ್ತಿಯೇ ಆಯಿತು. ಚಿತ್ರದಲ್ಲಿ ಮೊಳೆ ಇಲ್ಲದಿದ್ದರೆ ಗೋಡೆಗೆ ಎರಡು ಬಿಂದಿ ಅಂಟಿಸಿ, ಮೇಲೊಂದು, ಕೆಳಗೊಂದು. ಎರಡರಲ್ಲೂ ವ್ಯತ್ಯಾಸ ಒಂದೇ ಇದ್ದರೆ ಕ್ಯಾಮೆರಾ ಬಾಗಿದೆ ಅಥವಾ ತಗ್ಗಿದೆ. ಬೇರೆಬೇರೆ ಇದ್ದರೆ ಲೆನ್ಸಿನ ಜೂಮ್ ಸ್ವಲ್ಪ ಆಚೀಚೆ ಆಗಿರಬಹುದು.

ಮೊಳೆ ಸರಿ ಇದ್ದೂ ಚಲಿಸುವ ಕೈಯಲ್ಲಿ ಮಾತ್ರ ತೊಂದರೆ ಉಳಿದರೆ ಸಿಂಕ್ ನೋಡಿ. 25 ಫ್ರೇಮ್ ಅಂದರೆ ಫ್ರೇಮಿಗೆ 40 ಮಿಲಿಸೆಕೆಂಡ್. ಎರಡು ಕ್ಯಾಮೆರಾಗಳ ಶಟರ್ ಅರ್ಧ ಫ್ರೇಮ್ ತಪ್ಪಿತು ಅನ್ನಿ, 20 ಮಿಲಿಸೆಕೆಂಡ್. ಸೆಕೆಂಡಿಗೆ 1 ಮೀಟರಿನಂತೆ ಕೈ ಕೆಳಗೆ ಬಂದರೆ ಅಷ್ಟರಲ್ಲಿ 2 ಸೆಂಟಿಮೀಟರ್ ಸರಿದಿರುತ್ತದೆ. ಚಿತ್ರದಲ್ಲಿ ಅದು 28 ಪಿಕ್ಸೆಲ್, ಅದೂ ಮೇಲಿಂದ ಕೆಳಗೆ. ನಿಮ್ಮ ಕಿರಿದಾದ ಲಂಬ ಮಿತಿ ಅದನ್ನು ಹಿಡಿಯುವುದು ಸಾಧ್ಯವೇ ಇಲ್ಲ. ತಮಾಷೆ ಅಂದರೆ ಕೈ ಅಡ್ಡಕ್ಕೆ ಚಲಿಸಿದರೆ ಈ ದೋಷ ಕಾಣುವುದೇ ಇಲ್ಲ. ಎನ್‌ಕೋಡರಿಗೆ ಅದೂ ಒಂದು ಡಿಸ್ಪ್ಯಾರಿಟಿ ಅಷ್ಟೇ, ಸುಳ್ಳೋ ನಿಜವೋ ಅದಕ್ಕೆ ಬೇಕಿಲ್ಲ. ಒಂದೇ ಟ್ರಿಗರಿನಿಂದ ಕ್ಯಾಮೆರಾಗಳನ್ನು ಓಡಿಸಲು ಆಗದಿದ್ದರೆ, ಚಪ್ಪಾಳೆಯ ಸದ್ದು ನೋಡಿ ಪೂರ್ತಿ ಫ್ರೇಮುಗಳ ತಪ್ಪು ಸರಿ ಮಾಡಿಕೊಂಡು, ಲಂಬ ಮಿತಿಯನ್ನು 32ಕ್ಕೆ ಬಿಡಿ. ಅರ್ಧ ಫ್ರೇಮಿನ ತಪ್ಪು ಚಪ್ಪಾಳೆಯಿಂದ ಹೋಗುವುದಿಲ್ಲ.

ಬೆಳಕು ಮತ್ತು ಬಣ್ಣ

ಬಲಗಡೆ ಕ್ಯಾಮೆರಾ ಕಿಟಕಿಗೆ ಹತ್ತಿರ ಇತ್ತು. ಮೂರರಲ್ಲೂ ಆಟೋ ವೈಟ್ ಬ್ಯಾಲೆನ್ಸ್ ಆನ್. ಅದೇ ಗೋಡೆ ಒಂದರಲ್ಲಿ ತುಸು ನೀಲಿ, ಇನ್ನೊಂದರಲ್ಲಿ ತುಸು ಹಳದಿ. ನಮ್ಮ ಕಣ್ಣು ಇದನ್ನು ಮನ್ನಿಸುತ್ತದೆ, ಎನ್‌ಕೋಡರ್ ಮನ್ನಿಸುವುದಿಲ್ಲ. ಜೋಡಿ ಬ್ಲಾಕ್ ಸಿಕ್ಕರೂ ಬಣ್ಣದ ವ್ಯತ್ಯಾಸಕ್ಕೆ ಬಿಟ್ ಕೊಡಬೇಕು. ಬ್ಲಾಕಿಗೆ ಬ್ಲಾಕೇ ಬೆಳಕು ಹೊಂದಿಸುವ ಸಾಧನ 3ಡಿ-ಎಚ್‌ಇವಿಸಿ ಅನ್ನುವ ಇನ್ನೊಂದು ಪದ್ಧತಿಯಲ್ಲಿ ಇದೆ, ಎಂವಿ-ಎಚ್‌ಇವಿಸಿಯಲ್ಲಿ ಇಲ್ಲ. ಇಲ್ಲಿರುವ ವೆಯ್ಟೆಡ್ ಪ್ರಿಡಿಕ್ಷನ್ ಒಂದು ಸ್ಲೈಸಿನಲ್ಲಿ (ಇಡೀ ಚಿತ್ರ ಅಥವಾ ಅದರ ಒಂದು ದೊಡ್ಡ ಪಾಲು) ಪ್ರತಿ ಆಕರ ಚಿತ್ರಕ್ಕೆ ಒಂದೇ ತೂಕ ಕೊಡುತ್ತದೆ. ಇಡೀ ಚಿತ್ರ ಒಂದೇ ಸಮ ಮಂಕಾಗಿದ್ದರೆ ಅದು ಸಾಕು, ಕಿಟಕಿ ಪಕ್ಕ ಮಾತ್ರ ಬೆಳಗಿದ್ದರೆ ಸಾಲದು. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಕೈಯಾರೆ ಲಾಕ್ ಮಾಡಿ. ಮುಗಿಯಿತು.

ಟ್ಯೂಬ್‌ಲೈಟ್ ಕೆಳಗೆ ಚಿತ್ರೀಕರಿಸಿದರೆ ಶಟರ್ 50ರಲ್ಲಿ ಒಂದು ಅಥವಾ 100ರಲ್ಲಿ ಒಂದು ಸೆಕೆಂಡ್ ಇರಲಿ. ನಮ್ಮ ಕರೆಂಟ್ 50 ಹರ್ಟ್ಸ್, ಹಳೆಯ ಚೋಕಿನ ಟ್ಯೂಬ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬೇರೆ ವೇಗ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬರುತ್ತವೆ, ಮೂರು ಕ್ಯಾಮೆರಾದಲ್ಲಿ ಮೂರು ಜಾಗದಲ್ಲಿ.

ಕುಣಿಯುವ ಬಂಗಾರ

ಈಗ ಹಿರಿಯರ ಪ್ರಶ್ನೆಗೆ ಬರೋಣ. ಕಿನ್ನಾಳದ ಗೊಂಬೆಗಳಲ್ಲಿ ಲಾಜವಾರ ಅಂತ ಒಂದು ಕೆಲಸ ಇದೆ. ತವರದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿ, ಲೋಹದ ಹೊಳಪು ಬರಿಸುತ್ತಾರೆ. ಕಿರೀಟ, ಒಡವೆ ಅದರಿಂದಲೇ ಮಿಂಚುವುದು. ಈ ಹೊಳಪೇ ತೊಂದರೆ. ಬಣ್ಣ ವಸ್ತುವಿಗೆ ಅಂಟಿಕೊಂಡಿರುತ್ತದೆ, ಮಿಂಚು ಅಂಟಿಕೊಂಡಿರುವುದಿಲ್ಲ. ತಲೆಯನ್ನು ಸ್ವಲ್ಪ ಪಕ್ಕಕ್ಕೆ ತಂದರೆ ಮಿಂಚಿನ ಜಾಗವೇ ಬದಲಾಗುತ್ತದೆ. ಅಂದರೆ ಕಿರೀಟ 140 ಪಿಕ್ಸೆಲ್ ಸರಿದರೆ ಅದರ ಮೇಲಿನ ಮಿಂಚು ಬೇರೆ ಎಷ್ಟೋ ಸರಿಯುತ್ತದೆ. ಎಷ್ಟೇ ಹುಡುಕಿದರೂ ಪಕ್ಕದ ವ್ಯೂನಲ್ಲಿ ಅದಕ್ಕೆ ಜೋಡಿ ಇಲ್ಲ.

ನನ್ನ ಸೆಟ್ಟಿಂಗಿನಲ್ಲಿ ಬೇಗ ಸ್ಕಿಪ್ ಮಾಡುವ ಆಯ್ಕೆ ಆನ್ ಇತ್ತು. ಅದು ‘ಇಷ್ಟು ಹೋಲಿಕೆ ಸಾಕು’ ಅಂತ ಬೇಗನೆ ತೃಪ್ತಿಪಟ್ಟು ಪಕ್ಕದ ವ್ಯೂನ ಮಿಂಚನ್ನೇ ತಂದು ಅಂಟಿಸುತ್ತಿತ್ತು. ಮುಂದಿನ ಫ್ರೇಮಿನಲ್ಲಿ ಹೋಲಿಕೆ ಸಾಲದೆ ಬ್ಲಾಕನ್ನು ಹೊಸದಾಗಿ ಬರೆಯುತ್ತಿತ್ತು. ಅದರ ಮುಂದೆ ಮತ್ತೆ ಸ್ಕಿಪ್. ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಅವರು ‘ಕುಣಿತ’ ಅಂದದ್ದು ಇದನ್ನೇ. ಕಿರೀಟ ಇಡೀ ಚಿತ್ರದಲ್ಲಿ ಒಂದು ಹಿಡಿಯಷ್ಟು ಜಾಗ. ಸರಾಸರಿ ಪಿಎಸ್‌ಎನ್‌ಆರ್ ಮೇಲೆ ಅದರ ಪರಿಣಾಮ ಲೆಕ್ಕಕ್ಕೇ ಬರಲಿಲ್ಲ. ನೋಡುವವರ ಕಣ್ಣು ಮಾತ್ರ ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ವಾ?

ಮದ್ದು ಎರಡು. ಒಂದು, ಕಿಟಕಿಗೆ ಬಿಳಿ ಪಂಚೆಯೊಂದನ್ನು ಇಳಿಬಿಟ್ಟೆವು. ಬೆಳಕು ಹರಡಿಕೊಂಡು ಚೂಪಾದ ಮಿಂಚು ಮೆತ್ತಗಾಯಿತು, ಹೊಳಪು ಉಳಿಯಿತು. ಎರಡು, ಪಕ್ಕದ ವ್ಯೂಗಳಲ್ಲಿ ಬೇಗ ಸ್ಕಿಪ್ ಆಯ್ಕೆ ಆಫ್, ಮೂಲ ವ್ಯೂನಲ್ಲಿ ಆನ್. ಅರ್ಧ ಸಮಸ್ಯೆ ಪಂಚೆಯಿಂದಲೇ ಹೋಯಿತು ಅಂತ ಒಪ್ಪಿಕೊಳ್ಳುತ್ತೇನೆ.

ನಿಜವಾದ ಉಳಿತಾಯ

ಇಷ್ಟೆಲ್ಲ ಸರಿಯಾದ ಮೇಲೆ ಕತ್ತರಿ ಹಾಕಿದರೆ ಗುಣಮಟ್ಟ ಕೆಡುವುದಿಲ್ಲ. ನನಗೆ ಹೆಚ್ಚು ಸಮಯ ಉಳಿಸಿದ್ದು ಎರಡು ಕೆಲಸ.

ಒಂದು, ಪಕ್ಕದ ವ್ಯೂ ಬೇಡವಾದ ಚಿತ್ರಗಳಲ್ಲಿ ಅದನ್ನು ಕೇಳದಿರುವುದು. ಜಿಒಪಿ (ಒಟ್ಟಿಗೆ ಎನ್‌ಕೋಡ್ ಆಗುವ ಫ್ರೇಮುಗಳ ಗುಂಪು) 8 ಇದ್ದಾಗ ಹೈರಾರ್ಕಿಕಲ್ ಬಿ ರಚನೆಯಲ್ಲಿ (ದೂರದ ಚಿತ್ರ ಮೊದಲು, ನಡುವಿನವು ಹಂತಹಂತವಾಗಿ ಆಮೇಲೆ) ಮೇಲಿನ ಹಂತದಿಂದ ಕೆಳಕ್ಕೆ 1, 1, 2, 4 ಹೀಗೆ ಚಿತ್ರಗಳು ಹಂಚಿಕೊಂಡಿರುತ್ತವೆ. ಕೊನೆಯ ಹಂತದ ನಾಲ್ಕು ಚಿತ್ರಗಳಿಗೆ ಆಚೀಚೆ ಒಂದೇ ಫ್ರೇಮ್ ದೂರದಲ್ಲಿ ಆಕರ ಇರುತ್ತದೆ. ಬಣ್ಣ ಹಾಕುವ ಕೈ ನಿಧಾನ, ಗೋಡೆ ಅಲ್ಲಾಡುವುದಿಲ್ಲ. 40 ಮಿಲಿಸೆಕೆಂಡ್ ಹಿಂದಿನ ಚಿತ್ರಕ್ಕಿಂತ ಒಳ್ಳೆಯ ಊಹೆ ಪಕ್ಕದ ಕ್ಯಾಮೆರಾ ಕೊಡುವುದು ಅಪರೂಪ. ಆ ನಾಲ್ಕರಲ್ಲಿ ಅಂತರ-ವ್ಯೂ ಆಕರವನ್ನು ತೆಗೆದುಬಿಟ್ಟೆ. ಪಕ್ಕದ ವ್ಯೂಗಳ ಅರ್ಧ ಚಿತ್ರಗಳಿಗೆ ಆ ಹುಡುಕಾಟವೇ ಇಲ್ಲವಾಯಿತು, ಬಿಟ್ ಏರಿದ್ದು ತೀರಾ ಸ್ವಲ್ಪ. ಮೊದಲ ಹಂತದ ಚಿತ್ರಗಳಿಗೆ ಮಾತ್ರ ಬಿಟ್ಟುಕೊಡಬೇಡಿ, ಅಲ್ಲಿ ಹಿಂದಿನ ಆಕರ ಎಂಟು ಫ್ರೇಮ್ ದೂರ ಇರುತ್ತದೆ. ಕುಣಿತ, ಬಯಲಾಟದಂಥ ದೃಶ್ಯಕ್ಕೆ ಈ ಉಪಾಯ ಹೀಗೇ ಒಗ್ಗುವುದಿಲ್ಲ, ಅಳೆದು ನೋಡಿ.

ಎರಡು, ಬ್ಲಾಕ್ ಒಡೆಯುವ ಲೆಕ್ಕ. 64 × 64ರ ಬ್ಲಾಕನ್ನು 8 × 8ರ ತನಕ ಒಡೆದು ನೋಡಿದರೆ 1 + 4 + 16 + 64, ಒಟ್ಟು 85 ಬ್ಲಾಕ್ ಪರೀಕ್ಷಿಸಬೇಕು. ಮೊದಲ ಎರಡು ಹಂತಕ್ಕೇ ನಿಂತರೆ 5. ಗೋಡೆಯನ್ನು ಮೂಲ ವ್ಯೂ ಒಡೆಯದೆ ಹಾಗೇ ಬಿಟ್ಟಿದೆ ಅಂದರೆ ಪಕ್ಕದ ವ್ಯೂ ಯಾಕೆ 85 ಸಲ ನೋಡಬೇಕು? ಸಾಫ್ಟ್‌ವೇರಿನಲ್ಲಿ ಒಂದು ಷರತ್ತು ಸೇರಿಸಿದೆ: ಮೂಲ ವ್ಯೂನ ಅದೇ ಜಾಗ ಎಷ್ಟು ಆಳಕ್ಕೆ ಒಡೆದಿದೆಯೋ ಅದಕ್ಕಿಂತ ಒಂದೇ ಹಂತ ಮುಂದಕ್ಕೆ ಹೋಗು.

‘ಅದೇ ಜಾಗ’ ಅನ್ನುವಲ್ಲೇ ಎಡವಿದೆ. ಡಿಸ್ಪ್ಯಾರಿಟಿಯಷ್ಟು ಸರಿಸದೆ ನೇರವಾಗಿ ಅದೇ ಪಿಕ್ಸೆಲ್ ಜಾಗ ನೋಡಿದ್ದೆ. ಬೆರಳಿದ್ದ ಬ್ಲಾಕಿಗೆ ಗೋಡೆಯ ಆಳ ಸಿಕ್ಕಿತು. ಬೆರಳು ಮಸುಕು. ಸರಿಸಿದ ಮೇಲೂ ಒಂದೇ ಬ್ಲಾಕ್ ನೋಡಬೇಡಿ, ಸುತ್ತಲಿನವುಗಳಲ್ಲಿ ಅತಿ ಹೆಚ್ಚು ಒಡೆದದ್ದನ್ನು ತೆಗೆದುಕೊಳ್ಳಿ. ತುಸು ವೇಗ ಹೋಗುತ್ತದೆ, ಅಂಚು ಉಳಿಯುತ್ತದೆ.

ಅಳೆಯುವುದು

ಒಂದೇ ಕ್ಯೂಪಿಯಲ್ಲಿ ಅಳೆದು ತೀರ್ಮಾನಿಸಬೇಡಿ. 25, 30, 35, 40 ಹೀಗೆ ನಾಲ್ಕರಲ್ಲಿ ಓಡಿಸಿ ಬಿಡಿ-ರೇಟ್ (ಅದೇ ಗುಣಮಟ್ಟಕ್ಕೆ ಬಿಟ್ ಸರಾಸರಿ ಎಷ್ಟು ಶೇಕಡ ಬದಲಾಯಿತು ಅನ್ನುವ ಲೆಕ್ಕ) ತೆಗೆಯಿರಿ. ಪ್ರತಿ ವ್ಯೂಗೆ ಬೇರೆ ಲೆಕ್ಕ, ಕೈ ಮತ್ತು ಕಿರೀಟದ ಜಾಗಕ್ಕೆ ಇನ್ನೊಂದು ಲೆಕ್ಕ. ಆಮೇಲೆ ಎಡ-ಬಲ ಜೋಡಿಯನ್ನು ಕೆಂಪು-ನೀಲಿ ಕನ್ನಡಕದಲ್ಲಾದರೂ ನೋಡಿ. ಒಂದು ಕಣ್ಣಿಗೆ ಸ್ವಲ್ಪ ಮಸುಕು ಇದ್ದರೆ ಮಿದುಳು ಇನ್ನೊಂದು ಕಣ್ಣಿನಿಂದ ತುಂಬಿಕೊಳ್ಳುತ್ತದೆ. ಒಂದರಲ್ಲಿ ಚೌಕದ ಕಲೆ ಇದ್ದರೆ ಅಷ್ಟು ಸುಲಭವಾಗಿ ಸಹಿಸುವುದಿಲ್ಲ, ಕಣ್ಣು ಉರಿಯುತ್ತದೆ. ಹಾಗಾಗಿ ಬಿಟ್ ಉಳಿಸಲೇಬೇಕಾದರೆ ಪಕ್ಕದ ವ್ಯೂ ಮಸುಕಾಗಲಿ, ಚೌಕ ಬೇಡ.

ಇನ್ನು ಕರೆಂಟ್. ಹನ್ನೊಂದನೇ ಗಂಟೆಯಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಸತ್ತು, ಕಡತ ಅರ್ಧಕ್ಕೆ ನಿಂತ ಮೇಲೆ ಕಲಿತದ್ದು ಇದು. ತುಣುಕನ್ನು 24 ಫ್ರೇಮಿನ ಗುಂಪುಗಳಾಗಿ ಒಡೆದು, ಪ್ರತಿಯೊಂದೂ ತನ್ನದೇ ಐ ಚಿತ್ರದಿಂದ (ಬೇರೆ ಫ್ರೇಮ್ ನೋಡದೆ ಎನ್‌ಕೋಡ್ ಆಗುವ ಚಿತ್ರ) ಶುರುವಾಗುವಂತೆ ಬೇರೆಬೇರೆ ಓಡಿಸುತ್ತೇನೆ. ಆಕರ ಸಾಫ್ಟ್‌ವೇರ್ ಒಂದೇ ಕೋರ್ ಬಳಸುವುದರಿಂದ ನಾಲ್ಕು ಗುಂಪು ಒಟ್ಟಿಗೆ ಓಡುತ್ತವೆ. ಕರೆಂಟ್ ಹೋದರೆ ಅರ್ಧಕ್ಕೆ ನಿಂತ ಗುಂಪುಗಳನ್ನಷ್ಟೇ ಮತ್ತೆ ಓಡಿಸಿದರಾಯಿತು. ಬಿಸಿಲಿಗೆ ಮಾತ್ರ ನಾಲ್ಕು ಬೇಡ, ಮಧ್ಯಾಹ್ನ ಎರಡೇ ಹಾಕಿ.